ಕಾಡುದಾರಿಯ ಶಿವಕುಮಾರಸ್ವಾಮಿಯವರು

ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕವನ್ನು ಊರಿನವರು ತೆರೆದು ನೋಡುವುದು ಅಪರೂಪ. ಅದನ್ನು ಊರಿಗೆ ಓದಿ ಹೇಳುವ ಅಧಿಕಾರಿಗಳು ಇನ್ನೂ ಅಪರೂಪ. ಈ ತಿಂಗಳು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ನಿವೃತ್ತರಾಗುತ್ತಿರುವ ಶ್ರೀ ಶಿವಕುಮಾರಸ್ವಾಮಿಯವರು ಈ ಸೀಮೆಯಲ್ಲಿ ಅಂಥವರೆಂದು ಹೆಸರಾದವರು. ಆ ಗುಣ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಒಂದು ತಪ್ಪಿನಿಂದ ಬಂದದ್ದು.

ಯಳಂದೂರು ತಾಲ್ಲೂಕಿನಲ್ಲಿ ಕಾರ್ಯದರ್ಶಿಯಾಗಿ ಸೇವೆಗೆ ಸೇರಿದಾಗ ಅವರಿಗೆ ಮೆಚ್ಚುಗೆ ತಂದದ್ದು ಮುತ್ತಿನಂಥ ಅಕ್ಷರ. ಮಾಂಬಳ್ಳಿಯ ಚಿಕ್ಕನಿಂಗಮ್ಮ ಎಂಬ ವೃದ್ಧೆಯ ಪಿಂಚಣಿ ಅರ್ಜಿಯನ್ನು ತಾವೇ ಬರೆದು, ತಾವೇ ಮೂರು ಸಲ ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಮುಟ್ಟಿಸಿದ್ದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಕೊಳ್ಳೇಗಾಲದಲ್ಲಿ ಕೆಲಕಾಲ ಇದ್ದು, ಏಳು ವರ್ಷಗಳ ಹಿಂದೆ ರಾಮಾಪುರದಾಚೆಯ ಒಂದು ಪಂಚಾಯಿತಿಗೆ ವರ್ಗವಾಗಿ ಬಂದರು.

ಅಲ್ಲಿ ಮೇಲ್ದೊಡ್ಡಿ, ಕೆಳದೊಡ್ಡಿ ಎಂದು ಎರಡು ಊರು. ನಡುವೆ ಕೆಳದೊಡ್ಡಿಯವರು ದನ ಮೇಯಿಸುವ ಬಯಲು. ಮೇಲ್ದೊಡ್ಡಿಯ ಚೆಲುವಮ್ಮ ಗ್ರಾಮಸಭೆಯಲ್ಲಿ ಎದ್ದು, "ನಮ್ಗೆ ಕಾಡ್ಗೋಗಕ್ಕೆ ದಾರಿ ಬೇಕು ಸಾ" ಎಂದರು. ಶಿವಕುಮಾರಸ್ವಾಮಿಯವರು ಹಾಗೆಯೇ ಬರೆದರು: ಬಯಲಿನ ಮೂಲಕ ಕಾಡಿಗೆ ದಾರಿ. ನಿರ್ಣಯದ ಚೀಟಿ ಪಂಚಾಯಿತಿ ಬೋರ್ಡಿಗೆ ಅಂಟಿತು. ಕಾಡಿಗೆ ರಸ್ತೆಯಾದರೆ ನಾಳೆ ಅಲ್ಲಿ ಅರಣ್ಯ ಇಲಾಖೆಯ ಗೇಟು ಬೀಳುತ್ತದೆ, ದನಗಳಿಗೆ ಬಯಲು ತಪ್ಪುತ್ತದೆ ಎಂದು ಕೆಳದೊಡ್ಡಿ ಭುಗಿಲೆದ್ದಿತು. ದಾರಿಯ ಅಳತೆಯ ದಿನ ಎರಡೂ ಊರಿನವರು ಕಲ್ಲು ತೂರಾಡಿದರು; ಕೆಳದೊಡ್ಡಿಯ ಮಾದಣ್ಣನ ತಲೆ ಒಡೆಯಿತು. ಠಾಣೆಯಲ್ಲಿ ಎರಡೂ ಕಡೆಯವರ ಮೇಲೆ ಕೇಸಾಯಿತು. ಮುಂದಿನ ಎರಡು ಗ್ರಾಮಸಭೆಗಳಿಗೆ ಜನರೇ ಬರಲಿಲ್ಲ.

ಆ ದಾರಿ ಎಲ್ಲಿಗೆಂದು ಕಣ್ಣಾರೆ ನೋಡಲು ಒಂದು ಬೆಳಿಗ್ಗೆ ಶಿವಕುಮಾರಸ್ವಾಮಿಯವರು ಚೆಲುವಮ್ಮನವರ ಹಿಂದೆ ನಡೆದು ಹೊರಟರು. ಬಯಲು ದಾಟಿದ ಕೂಡಲೇ ಆಕೆ ನಿಂತರು. ಮುಂದೆ ರಾಗಿ ಪೈರು.

"ಕಾಡೆಲ್ಲಮ್ಮ?"

"ಇದೇಯಾ ಸಾ. ಕಾಡಲ್ದೆ ಇನ್ನೇನು? ರಾಗಿ ಕಾಣಾಕಿಲ್ವಾ?"

ಆಕೆಯ ಮನೆಮಾತು ತಮಿಳು. ಆ ಮಾತಿನಲ್ಲಿ ಮಳೆ ನಂಬಿದ ಹೊಲವೂ ಕಾಡೇ. ಕೇಳಿದ್ದು ಹೊಲಕ್ಕೆ ದಾರಿ; ಬರೆದವರು ತಿಳಿದದ್ದು ಅರಣ್ಯಕ್ಕೆ.

ಕೈತಪ್ಪೆಂದು ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು. ಒಪ್ಪಿಕೊಂಡರೆ ಇಲಾಖೆಯ ನೋಟಿಸು ಖಚಿತ. ಮುಚ್ಚಿಟ್ಟರೆ ಎರಡು ಊರಿನ ಹಗೆ ಶಾಶ್ವತ. ಅವರು ಮೂರು ದಿನ ಮನೆಮನೆಗೆ ಹೋಗಿ ಕರೆದು, ಅದೇ ಬಯಲಿನಲ್ಲಿ ಸಭೆ ಸೇರಿಸಿ, ತಮ್ಮ ತಪ್ಪನ್ನು ತಾವೇ ಓದಿದರು.

ಓದಿ ಮುಗಿಯುತ್ತಲೇ ಮಾದಣ್ಣ ತಲೆಯ ಟವೆಲ್ಲು ತೆಗೆದು ಗಾಯದ ಗುರುತು ತೋರಿಸಿದರು. "ನಿಮ್ಮೊಂದ್ ಪದಕ್ಕೆ ನಂಗೆ ಏಳ್ ಒಲಿಗೆ ಸಾ! ಪೂರಾ ಸಾಲು ಬರ್ದಿದ್ರೆ ಉಳೀತಿದ್ನಾ?"

"ನನ್ನೂ ಒಂದ್ ಮಾತು ಕೇಳ್ಬೋದಿತ್ತಲ್ಲ ಮಾದಣ್ಣ," ಎಂದರು ಚೆಲುವಮ್ಮ.

"ಕಲ್ಲು ಬರೋವಾಗ ಯಾರ್ ಕೇಳಾರು, ತಾಯಿ?"

ಮೊದಲು ನಕ್ಕವರು ಹೆಂಗಸರು. ದಾರಿಯ ಒಂದು ಪಕ್ಕ ದನಗಳಿಗೆ ಬಿಡಬೇಕೆಂಬ ಷರತ್ತಿನ ಮೇಲೆ ಕೆಳದೊಡ್ಡಿ ಒಪ್ಪಿತು. ವರ್ಷ ಕಳೆಯುವುದರೊಳಗೆ ಕೇಸುಗಳೂ ರಾಜಿಯಾದವು. ನೋಟಿಸು ಬಂತು, ಶಿವಕುಮಾರಸ್ವಾಮಿಯವರು ಅದಕ್ಕೆ ಒಂದೇ ಸಾಲಿನಲ್ಲಿ, ತಪ್ಪು ತಮ್ಮದೇ ಹೌದೆಂದು ಉತ್ತರ ಬರೆದರು. ಅಲ್ಲಿಂದಾಚೆ ಅವರ ಸಭೆಗಳಲ್ಲಿ ಪ್ರತಿ ನಿರ್ಣಯವನ್ನೂ ಕನ್ನಡ, ತಮಿಳು ಎರಡೂ ನುಡಿಯಲ್ಲಿ ಓದಿ, ಕೇಳಿದವರು ತಮ್ಮ ಬಾಯಲ್ಲಿ ತಿರುಗಿ ಹೇಳಿದ ಮೇಲೆಯೇ ರುಜು.

ಕಳೆದ ತಿಂಗಳು ದಾರಿಗೆ ಫಲಕ ಹಾಕಬೇಕಾಯಿತು. ಎರಡೂ ದೊಡ್ಡಿಯವರ ಬಾಯಲ್ಲಿ ಅದು ಕಾಡುದಾರಿಯೇ. 'ಹೊಲದ ದಾರಿ' ಎಂದು ಬರೆಸೋಣವೆಂದ ಶಿವಕುಮಾರಸ್ವಾಮಿಯವರನ್ನು ಮಾದಣ್ಣ ತಡೆದರು: "ತಿದ್ಬ್ಯಾಡಿ ಸಾ. ತಿದ್ದುದ್ರೆ ಈ ಒಲಿಗೆ ಯಾಕ್ ಬಿತ್ತು ಅಂತ ಮೊಮ್ಮಕ್ಳಿಗೆ ಎಂಗೇಳ್ಲಿ?"

ಫಲಕದಲ್ಲಿ ಕಾಡುದಾರಿ ಎಂದೇ ಇದೆ. ಎರಡು ನುಡಿಗಳಲ್ಲಿ ಬೇರೆ ಬೇರೆ ಅರ್ಥ ಕೊಡುವ ಇಂಥ ಪದಗಳನ್ನು ಪಟ್ಟಿ ಮಾಡಲು ಶಿವಕುಮಾರಸ್ವಾಮಿಯವರು ಒಂದು ನೋಟುಪುಸ್ತಕ ಇಟ್ಟಿದ್ದಾರೆ. ಮೊದಲ ಪುಟದ ಮೊದಲ ಪದವೂ ಕಾಡೇ. ಆ ಪುಸ್ತಕ ತುಂಬುವಷ್ಟು ಆಯುಸ್ಸು, ಆ ದಾರಿ ನಡೆಯುವಷ್ಟು ಕಾಲಿನ ಕಸುವು ಅವರಿಗಿರಲಿ.