ವಿಭೂತಿ ಹಚ್ಚಿದ ಸ್ಟೂಲು

ಬೇಗೂರಿನ ಭಾನುವಿಗೆ ಹುಟ್ಟಿನಿಂದಲೇ ಎಡಗಾಲಿನಲ್ಲಿ ಬಲವಿಲ್ಲ. ಗುಂಡ್ಲುಪೇಟೆಯ ಅರಿಶಿನ ಕಾರ್ಖಾನೆಯಲ್ಲಿ, ಬೆಲ್ಟಿನ ಮೇಲೆ ಹರಿದು ಬರುವ ಕೊಂಬುಗಳಲ್ಲಿ ಹುಳುಕನ್ನು ಆರಿಸುವುದು ಅವಳ ಕೆಲಸ. ಉಳಿದವರು ನಿಂತು ಆರಿಸಿದರೆ ಅವಳು ಎತ್ತರದ ಮರದ ಸ್ಟೂಲಿನ ಮೇಲೆ ಕೂತು ಆರಿಸುತ್ತಿದ್ದಳು. ಯಾರ ತಕರಾರೂ ಇರಲಿಲ್ಲ. ಹೊಸದಾಗಿ ಬಂದ ಮ್ಯಾನೇಜರು ಸ್ಟೂಲು ತೆಗೆಸಿದ. ಕೇಳಿದ್ದಕ್ಕೆ, ಕೂರುವ ಆಸೆಯಿದ್ದರೆ ಮನೆಯಲ್ಲೇ ಕೂತುಕೋ ಎಂದು ಕಳಿಸಿಯೇಬಿಟ್ಟ.

ಭಾನು ಚಾಮರಾಜನಗರದ ಕೋರ್ಟಿಗೆ ಹೋದಳು. ಕೇಳಿದ್ದು ಇಷ್ಟೇ: ತನ್ನ ಕೆಲಸ, ಕೂರಲು ಆ ಸ್ಟೂಲು. ಮಾಲೀಕ ರಘುನಾಥನಿಂದ ಉತ್ತರ ಬಂತು. ಅದು ಕೂತು ಮಾಡುವ ಕೆಲಸವೇ ಅಲ್ಲ, ತಮ್ಮಲ್ಲಿ ಯಾರೂ ಎಂದೂ ಕೂತು ಮಾಡಿಲ್ಲ, ಸ್ಟೂಲು ಎಂಬುದೇ ಇರಲಿಲ್ಲ.

ಭಾನುವಿನ ಕೈಯಲ್ಲಿ ಏನಿತ್ತು? ಸಾಕ್ಷಿಯೆಲ್ಲ ಕಾರ್ಖಾನೆಯ ಕಾಂಪೌಂಡಿನೊಳಗೆ. ಜೊತೆಯವರು ಬಂದು ಹೇಳಿದರೆ ಅವರ ಒಲೆಗೂ ನೀರು ಬೀಳುತ್ತಿತ್ತು. ವಕೀಲೆ ತೇಜಸ್ವಿನಿ ಬಿಡಿಸಿ ಹೇಳಿದರು: ಮಾಲೀಕನ ಬಳಿ ಇರುವುದನ್ನು ಅವನಿಂದಲೇ ತರಿಸಬಹುದು, ಆದರೆ ಇರುವುದನ್ನೆಲ್ಲ ಕೊಡು ಅಂದರೆ ನಡೆಯದು, ಇಂಥದ್ದು ಇಂಥಲ್ಲಿದೆ ಎಂದು ಹೆಸರಿಟ್ಟು ಕೇಳಬೇಕು.

ಯೋಚಿಸಿಕೊಂಡೇ ಮನೆಗೆ ಬಂದಾಗ ಅತ್ತೆ ಸುಂದ್ರಮ್ಮ ಅಂಗಳದಲ್ಲಿ ಮಚ್ಚು ಮಸೆಯುತ್ತಿದ್ದರು. ಅದರ ಹಿಡಿಯ ಸಂದಿಯಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಉಳಿದಿತ್ತು. ಅದನ್ನು ಕಂಡವಳೇ ಭಾನು ತೇಜಸ್ವಿನಿಯವರಿಗೆ ಫೋನು ಮಾಡಿದಳು.

"ಮೇಡಂ, ಆಯುದ್ಪೂಜೆ ಫೋಟೊ ಕೇಳಿ. ಕಟ್ಟು ಆಕ್ಸಿ ಆಪೀಸ್ನಲ್ಲಿ ನೇತಾಕವ್ರೆ. ವಾಚ್‌ಮನ್ ಸೋಮಯ್ಯಣ್ಣ ನನ್ ಸ್ಟೂಲ್ಗೂ ಇಬೂತಿ ಬಳ್ದು ಮಿಸಿನ್ ಸಾಲಲ್ಲೇ ಮಡಗಿದ್ರು."

ತೇಜಸ್ವಿನಿ ಕೋರ್ಟಿನಲ್ಲಿ ಅದನ್ನು ಕೇಳಿದಾಗ, ಅಂಥ ಫೋಟೊವೇ ಇಲ್ಲ ಎಂದಿತು ಎದುರು ಕಡೆ. ಯಾವ ಗೋಡೆ, ಯಾವ ದೇವರ ಪಟದ ಪಕ್ಕ ಎಂಬುದನ್ನು ಭಾನು ಹೇಳಿದಳು. ಇದ್ದೂ ತರದಿದ್ದರೆ ಅದನ್ನೇ ನಿಮ್ಮ ವಿರುದ್ಧ ಎಣಿಸಬೇಕಾದೀತು ಎಂದು ನ್ಯಾಯಾಧೀಶರು ಎಚ್ಚರಿಸಿದರು. ಮುಂದಿನ ವಾಯಿದೆಗೆ, ಗಾಜು ಒರೆಸಿಕೊಂಡು, ಫೋಟೊ ಮೇಜಿನ ಮೇಲೆ ಬಂತು.

ಮಂಗಳಾರತಿ ತಟ್ಟೆ ಹಿಡಿದವನು ರಘುನಾಥನೇ. ಮುಂದೆ ತಕ್ಕಡಿ, ಮೋಟಾರು, ಬೆಲ್ಟು. ಬೆಲ್ಟಿನ ಮಗ್ಗುಲಲ್ಲಿ ಮೂರೆಳೆ ವಿಭೂತಿ ಹೊತ್ತು, ಚೆಂಡುಹೂ ಮುಡಿದ ಸ್ಟೂಲು. ಇದನ್ನು ಇಲ್ಲೇಕೆ ಇಟ್ಟಿರಿ ಎಂದು ನ್ಯಾಯಾಧೀಶರು ಕೇಳಿದರು.

"ಕೆಲ್ಸಕ್ಕೆ ಬರೋ ಸಾಮಾನ್ನೆಲ್ಲ ಪೂಜೆಗೆ ಇಡ್ತೀವಿ ಸ್ವಾಮಿ," ಎಂದ ರಘುನಾಥ, ಭಕ್ತಿಯಿಂದಲೇ. ಅವನ ವಕೀಲರು ತೋಳು ಜಗ್ಗುವಷ್ಟರಲ್ಲಿ ಮಾತು ಆಡಿ ಆಗಿತ್ತು.

ಕೇಸು ಇನ್ನೂ ಮುಗಿದಿಲ್ಲ. ಮುಗಿಯುವ ತನಕ ಅವಳನ್ನು ಕೂರಿಸಿಯೇ ಕೆಲಸ ಕೊಡಬೇಕೆಂದು ಆದೇಶವಾಗಿದೆ. ಸೋಮವಾರ ಭಾನು ಹೋದಾಗ ಸೋಮಯ್ಯ ಜನರೇಟರಿನ ಹಿಂದಿನಿಂದ ಸ್ಟೂಲು ತಂದು, ಧೂಳು ಹೊಡೆದು ಇಟ್ಟ.

"ಕೂತ್ಕಳವ್ವ. ಈ ಸಲ ಪೂಜೆಲಿ ಇದ್ನೇ ಮುಂದ್ಕೆ ಮಡಗ್ತೀನಿ."

ಅದರ ಒಂದು ಕಾಲು ಮೊದಲಿನಂತೆಯೇ ಅಲ್ಲಾಡಿತು. ಭಾನು ರಟ್ಟಿನ ಚೂರೊಂದನ್ನು ಮಡಿಸಿ ಅಡಿಗೆ ಕೊಟ್ಟು, ಬೆಲ್ಟಿನ ಕಡೆ ತಿರುಗಿ ಕೂತಳು.