ಚಿಗವ್ವನ ಅಡುಗೆಮನೆಯಲ್ಲಿ ಮತ್ತೆ ಉಣ್ಣಲು ಕಲಿತದ್ದು

ಸಂಡೂರಿನ ಗಂಡನ ಮನೆ ಬಿಟ್ಟು ಬಂದ ಮೇಲೆ ಎರಡು ವರ್ಷ ಕಂಪ್ಲಿಯಲ್ಲಿ ಅವ್ವನ ತಂಗಿ, ನನ್ನ ಚಿಗವ್ವನ ಮನೆಯಲ್ಲಿದ್ದೆ. ಅವಳ ಅಡುಗೆಮನೆ, ಕಿಟಕಿಯಾಚೆಯ ಭತ್ತದ ಗದ್ದೆ, ಅವಳ ಬಳೆ ಸದ್ದು ನೆನಪಾದರೆ ಈಗಲೂ ಅಲ್ಲಿಗೆ ಓಡಿಹೋಗಬೇಕು ಅನ್ನಿಸುತ್ತದೆ.

ಹೋದ ಹೊಸತರಲ್ಲಿ ಮಾತ್ರ ಆ ಅಡುಗೆಮನೆಗೆ ಕಾಲಿಡಲೂ ಹೆದರುತ್ತಿದ್ದೆ. ಗಂಡ ಹೊಡೆಯುತ್ತಿದ್ದುದು ಹೆಚ್ಚಾಗಿ ಊಟದ ಹೊತ್ತಿನಲ್ಲೇ. ನಾನು ತುತ್ತು ಎತ್ತಿದರೆ "ಎಷ್ಟ್ ತಿಂತೀ ಲೇ" ಎಂದು ತಟ್ಟೆ ಒದೆಯುತ್ತಿದ್ದ. ಬಾಗಿಲ ಹಿಂದೆ ನಿಂತು ಗಬಗಬನೆ ನುಂಗುವುದು, ಇಲ್ಲವೇ ಇಡೀ ದಿನ ಉಪವಾಸ ಇರುವುದು ರೂಢಿಯಾಗಿತ್ತು. ಅವನಿಂದ ದೂರ ಬಂದರೂ ಅದು ಬಿಡಲಿಲ್ಲ. ಬೀದಿಯಲ್ಲಿ ಬೈಕ್ ಸದ್ದಾದರೆ ಅವನೇ ಬಂದ ಅನ್ನಿಸಿ, ತಿಂದದ್ದು ಹೊರಗೆ ಬರುತ್ತಿತ್ತು. ಚಿಗವ್ವ ದೃಷ್ಟಿ ತೆಗೆದಳು, ಜೀರಿಗೆ ಕಷಾಯ ಕುಡಿಸಿದಳು. ಒಂದು ದಿನ ನೀರಿನ ಕೊಡ ಹೊತ್ತು ಬರುವಾಗ ತಲೆ ತಿರುಗಿ ಬಿದ್ದೆ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಚಿಗವ್ವನನ್ನು ಹೊರಗೆ ಕೂರಿಸಿ ಕೇಳಿದರು: "ಗಂಡನ ಮನ್ಯಾಗ ಎಲ್ಲಿ ಕುಂತು ಉಣ್ತಿದ್ರಿ?"

ಯಾರೂ ಹಾಗೆ ಕೇಳಿರಲಿಲ್ಲ. "ಕುಂತು ಉಂಡೇ ಇಲ್ರಿ," ಎಂದೆ. ಅಳು ಬಂತು.

"ಇದು ಹಟ ಅಲ್ರಿ, ಕಾಯಿಲೆ. ಹೆದರಿಕಿಯಿಂದ ಬಂದದ್ದು. ವಾಸಿ ಆಗ್ತದ, ಟೈಮ್ ಹಿಡೀತದ," ಎಂದು ಅವರು ನನ್ನನ್ನು ಅಲ್ಲಿಯ ಕೌನ್ಸೆಲರ್ ಮೇಡಂ ಬಳಿ ಕಳಿಸಿದರು.

ಪ್ರತಿ ವಾರ ಬಸ್ಸಿನಲ್ಲಿ ಹೋಗುತ್ತಿದ್ದೆವು. ಮೇಡಂ ತಮ್ಮ ಡಬ್ಬಿ ಬಿಚ್ಚುತ್ತಿದ್ದರು, ನಾನು ನನ್ನದು. "ಬಾಗಿಲು ಕಾಣೋ ಕಡಿ ಕುಂದ್ರಿ, ಯಾರ್ ಬಂದ್ರೂ ಗೊತ್ತಾಗ್ತದ," ಎಂದರು ಮೊದಲ ದಿನ. ಉಣ್ಣುತ್ತಲೇ ಗಂಡನ ಮನೆಯ ಸಂಗತಿಗಳನ್ನು ಒಂದೊಂದಾಗಿ ಹೇಳಿದೆ. ಮೇಡಂ ಹೇಳಿದಂತೆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಉಣ್ಣಬೇಕಿತ್ತು. ಚಿಗವ್ವ ನನ್ನ ತಟ್ಟೆ ನೋಡುವಂತಿರಲಿಲ್ಲ, ಬೈಯುವಂತಿರಲಿಲ್ಲ, ಹೊಗಳುವಂತೆಯೂ ಇರಲಿಲ್ಲ.

"ನೋಡದಂಗ ಹ್ಯಾಂಗ ಬಡಸಲೇ?" ಎಂದು ಅವಳು ಊರು ಮುಟ್ಟುವತನಕ ಗೊಣಗಿದಳು. ಆದರೂ ಗೋಡೆಗೆ ಮುಖ ಮಾಡಿ ಕೂತು, ತಾನು ಚಿಕ್ಕವಳಿದ್ದಾಗ ತವರೂರು ಮೆಟ್ರಿಯಲ್ಲಿ ಎಮ್ಮೆ ಹತ್ತಿ ಕಾಲುವೆಗೆ ಬಿದ್ದ ಕಥೆ ಹೇಳುತ್ತಿದ್ದಳು. ಒಂದೇ ಕಥೆ, ಎಷ್ಟು ಸಲವೋ!

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಗಂಡನಂತೆಯೇ ಕಾಣುವ ಒಬ್ಬನನ್ನು ನೋಡಿದೆ. ಮೂರು ದಿನ ಏನೂ ಒಳಗಿಳಿಯಲಿಲ್ಲ. "ನನ್ ಕೈಲಿ ಆಗವಲ್ದವ್ವಾ," ಎಂದು ಚಿಗವ್ವ ಅತ್ತುಬಿಟ್ಟಳು. ಮೇಡಂ ಗಾಬರಿಯಾಗಲಿಲ್ಲ. "ಹೆದರೀರಿ, ಅಷ್ಟ. ಇವತ್ತು ಗಂಜಿಯಿಂದ ಶುರು ಮಾಡೋಣು," ಎಂದರು.

ಎಷ್ಟೋ ತಿಂಗಳ ನಂತರ ಒಂದು ಮಧ್ಯಾಹ್ನ, ಬದನೆಕಾಯಿ ಎಣ್ಣೆಗಾಯಿ ಭಾಳ ರುಚಿಯಾಗಿತ್ತು. "ಚಿಗವ್ವಾ, ಇನ್ನೊಂದ್ ರೊಟ್ಟಿ ಹಾಕು," ಎಂದೆ.

ಅವಳು ತಿರುಗಲು ಹೋಗಿ ತಡೆದುಕೊಂಡಳು. ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು.

"ಕರಕಾತು. ಬ್ಯಾರೆ ಬಡೀತೀನಿ, ತಡಿ," ಎಂದಳು. ದನಿ ಒಡೆದಿತ್ತು.

ಈಗ ವಿಚ್ಛೇದನವಾಗಿದೆ. ಹೊಸಪೇಟೆಯಲ್ಲಿ ನನ್ನದೇ ಟೇಲರಿಂಗ್ ಅಂಗಡಿ ಇದೆ. ಕೆಲವು ದಿನ ಇನ್ನೂ ಊಟ ಸೇರುವುದಿಲ್ಲ, ಆಗ ಮೇಡಂ ಬಳಿ ಹೋಗಿ ಬರುತ್ತೇನೆ. ಉಳಿದ ದಿನ, ಹೊಲಿಗೆ ಕಲಿಯಲು ಬರುವ ಹುಡುಗಿಯರ ಜೊತೆ ನೆಲದ ಮೇಲೆ ಕೂತು ನಿಧಾನವಾಗಿ ಉಣ್ಣುತ್ತೇನೆ.