ಹಡಗು ತಡೆದ ಅಧಿಕಾರಿ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಅಪ್ಪ ಸ್ಕೂಟರ್ ಹೊರಗೆ ತೆಗೆದದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ ಎನ್ನುವ ಧೈರ್ಯ ನನಗಿಲ್ಲ. ಅವರು ನೀಲಿ ಅಂಗಿ ಹಾಕಿದ್ದರು ಎಂದು ನೆನಪು. ಆ ಅಂಗಿಯನ್ನು ಅಮ್ಮ ಅದಕ್ಕೂ ಮೊದಲೇ ಹರಿದು ಒರೆಸುವ ಬಟ್ಟೆ ಮಾಡಿದ್ದಳು ಎಂದೂ ನೆನಪು. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಆಗ ನಾವು ಮೂವರೂ ಹೊಸ ತಿಪ್ಪಸಂದ್ರದಲ್ಲಿದ್ದೆವು. ಅಪ್ಪ ವಿಮಾನದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾಗಿದ್ದರು. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಯಿಂದಲೇ ಆನ್‌ಲೈನ್ ಪಾಠ ಮಾಡುತ್ತಿದ್ದೆ. ಮೊದಲ ಲಾಕ್‌ಡೌನಿನ ಬೇಸರಕ್ಕೆ ಅಪ್ಪ ಮಗಳು ಸೇರಿ ಒಂದು ಕೆಲಸ ಹಚ್ಚಿಕೊಂಡೆವು. ಮಧ್ಯಯುಗದ ಯುರೋಪಿಗೆ ಪ್ಲೇಗ್ ಬಾರದೇ ಇದ್ದಿದ್ದರೆ ಆಮೇಲಿನ ನೂರು ವರ್ಷ ಹೇಗಿರುತ್ತಿತ್ತು? ಅದನ್ನು ನಕ್ಷೆಗಳಲ್ಲಿ ಬರೆಯಬೇಕು. ಓದುವುದು ನಾನು, ಗೆರೆ ಎಳೆಯುವುದು ಅಪ್ಪ.

ಅಪ್ಪ ಕಾರ್ಖಾನೆಯ ನಿಯಮವನ್ನೇ ಇಲ್ಲಿಗೂ ತಂದರು. ಪ್ರತಿ ಹಾಳೆಯ ಬಲಮೂಲೆಯಲ್ಲಿ ಒಂದು ಚಿಕ್ಕ ಕೋಷ್ಟಕ. ಏನು ಬದಲಾಯಿತು, ಯಾಕೆ, ಬದಲಿಸಿದವರ ಸಹಿ. ಅಲ್ಲಿ ಬರೆಯದೆ ನಕ್ಷೆಯ ಒಂದು ಚುಕ್ಕೆಯನ್ನೂ ಮುಟ್ಟುವಂತಿಲ್ಲ. "ಹೇಳ್ದೆ ತಿದ್ದೋದು ಕಳ್ತನ ಕಣಮ್ಮ. ನೀನು ತಿದ್ದಿದ್ದು ಗೊತ್ತಿಲ್ದೆ ಇನ್ನೊಬ್ಬ ಆ ಭಾಗ ಮಾಡ್ತಾನೆ, ವಿಮಾನ ಬೀಳತ್ತೆ" ಎನ್ನುತ್ತಿದ್ದರು.

ಮೊದಲ ಹಾಳೆಯಲ್ಲೇ ಜಗಳವಾಯಿತು. ಇಟಲಿಯ ಸಿಸಿಲಿ ದ್ವೀಪದ ಬಂದರಿಗೆ ರೋಗ ಹೊತ್ತ ಹಡಗುಗಳು ಬರಬಾರದು, ಅಷ್ಟೇ ನಮ್ಮ ಬದಲಾವಣೆ. ಕೋಷ್ಟಕದ ಕಾರಣದ ಮನೆಯಲ್ಲಿ ನಾನು 'ಬಿರುಗಾಳಿ' ಎಂದು ಬರೆಯಹೊರಟೆ. ಅಪ್ಪ ಕೈ ಹಿಡಿದರು.

"ಗಾಳಿನ ನಂಬ್ಕೊಂಡು ಡ್ರಾಯಿಂಗ್ ಮಾಡಕ್ಕಾಗಲ್ಲ. ಮನುಷ್ಯ ಬೇಕು. ಬಂದರಲ್ಲೊಬ್ಬ ಆಫೀಸರ್ ಇರ್ತಾನೆ. ಹಡಗಲ್ಲಿರೋರ ಮುಖ ನೋಡ್ತಾನೆ, ವಾಪಸ್ ಹೋಗ್ರಿ ಅಂತಾನೆ."

"ಅಷ್ಟು ಧೈರ್ಯ ಯಾರಿಗಪ್ಪ ಇರತ್ತೆ? ಸರಕಿರೋ ಹಡಗು."

"ಒಬ್ಬನಿಗಿದ್ರೆ ಸಾಕಲ್ಲ."

ಬಚ್ಚಲುಮನೆಯಿಂದ ಅಮ್ಮ ಕೂಗಿದಳು: "ಹಡಗು ಆಮೇಲೆ ನಿಲ್ಲಿಸೋರಂತೆ, ಆ ಕುಕ್ಕರ್ ನಿಲ್ಲಿಸ್ರಿ ಮೊದ್ಲು! ನಿಮ್ಮ ಯುರೋಪಲ್ಲಿ ಒಬ್ಬನಾದ್ರೂ ಸೊಪ್ಪು ಬಿಡಿಸಿಕೊಡ್ತಾನಾ?"

ಕೋಷ್ಟಕದಲ್ಲಿ ಅಪ್ಪನ ಅಧಿಕಾರಿಯೇ ಉಳಿದ. ಅವನ ಮೇಲೆ ಹಾಳೆಯ ನಂತರ ಹಾಳೆ ನಿಂತಿತು. ಜನ ಸಾಯಲಿಲ್ಲವಾದ್ದರಿಂದ ಕೂಲಿ ಏರಲಿಲ್ಲ, ಜಮೀನುದಾರರು ಹಿಡಿತ ಸಡಿಲಿಸಲಿಲ್ಲ, ಕಾಡು ಕಡಿದು ಊರುಗಳು ಒತ್ತೊತ್ತಾಗಿ ಬೆಳೆದವು. ಬದುಕಿಸಿದ್ದೇವೆ ಎಂದ ಮಾತ್ರಕ್ಕೆ ಯಾರೂ ಸುಖವಾಗಿರಲಿಲ್ಲ. ಅಮ್ಮ ಅದನ್ನು ಕೇಳಿ, "ಅಯ್ಯೋ, ಇರ್ಲಿ ಬಿಡ್ರಿ, ಇದ್ದಾರಲ್ಲ ಸದ್ಯ" ಎಂದಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ಎರಡನೇ ಅಲೆ ಬಂತು. ಆ ವಾರ ನಕ್ಷೆ ಬರೆಯುವ ಫಿಲ್ಮ್ ಹಾಳೆ ಮುಗಿದಿತ್ತು. ಶಿವಾಜಿನಗರದ ಗಲ್ಲಿಯೊಂದರಲ್ಲಿ ಅಪ್ಪನಿಗೆ ಪರಿಚಯದ ಅಂಗಡಿ. ಫೋನ್ ಮಾಡಿದರೆ ಶಟರ್ ಅರ್ಧ ಎತ್ತಿ ಕೊಡುತ್ತೇನೆ ಎಂದು ಅಂಗಡಿಯವರು ಹೇಳಿದ್ದರಂತೆ. ಅಪ್ಪ ಸ್ಕೂಟರಿನಲ್ಲಿ ಹೋಗಿಬಂದರು. ಫಿಲ್ಮ್ ಬೇಕೆಂದು ನಾನು ಕೇಳಿದೆನೋ, ಅವರೇ ಹೊರಟರೋ, ಎಷ್ಟು ಯೋಚಿಸಿದರೂ ಸ್ಪಷ್ಟವಾಗುವುದಿಲ್ಲ. ಆ ದಿನದ ನನ್ನ ಡೈರಿಯಲ್ಲಿರುವುದು ನಕ್ಷೆಗೆ ಬೇಕಿದ್ದ ಫ್ಲಾಂಡರ್ಸ್ ಪ್ರಾಂತ್ಯದ ಉಣ್ಣೆಯ ವಿಷಯ ಮಾತ್ರ. ಅದೇ ವಾರ ಅಮ್ಮ ಸೊಪ್ಪಿಗೆಂದು ಮಾರ್ಕೆಟ್ ರಸ್ತೆಗೆ ಹೋಗಿದ್ದಳು. ಮೇಲಿನ ಮನೆಯವರು ಕೆಮ್ಮುತ್ತಿದ್ದರು, ಅವರ ಮಗು ನಮ್ಮ ಮೆಟ್ಟಿಲ ಮೇಲೇ ಆಡುತ್ತಿತ್ತು. ಯಾರಿಂದ ಬಂತೆಂದು ಯಾವ ಡಾಕ್ಟರೂ ಹೇಳಲಾರರು. ಅಪ್ಪನಿಗೆ ಮೊದಲು ಜ್ವರ ಬಂತು, ಆಮೇಲೆ ನನಗೆ, ಕೊನೆಗೆ ಅಮ್ಮನಿಗೆ. ಆಸ್ಪತ್ರೆಯಿಂದ ಮನೆಗೆ ಬಂದದ್ದು ಅವಳ ಕೈಚೀಲ ಮತ್ತು ಫೋನ್ ಅಷ್ಟೇ.

ಹಾಳೆಗಳನ್ನು ಸುತ್ತಿ ಬೀರುವಿನ ಮೇಲಿಟ್ಟೆವು. ಯಾರು ಇಟ್ಟದ್ದೆಂದು ನೆನಪಿಲ್ಲ. ಆಮೇಲೆ ಇಬ್ಬರೂ ಆ ವಾರದ ಸುದ್ದಿ ಎತ್ತಲಿಲ್ಲ. ಟಿವಿಯಲ್ಲಿ ಆ ದಿನಗಳ ದೃಶ್ಯ ಬಂದರೆ ಅಪ್ಪ ಎದ್ದು ಹೋಗಿ ಗಿಡಕ್ಕೆ ನೀರು ಹಾಕುತ್ತಿದ್ದರು, ಆಗಲೇ ಹಾಕಿದ್ದರೂ.

ಕಳೆದ ವರ್ಷ ಮನೆ ಬದಲಿಸಿ ಲಿಂಗರಾಜಪುರಕ್ಕೆ ಬಂದೆವು. ಸಾಮಾನು ಕಟ್ಟುವಾಗ ಆ ಸುರುಳಿಯನ್ನು ಅಪ್ಪನೇ ತಂದು ರದ್ದಿ ರಾಶಿಗೆ ಹಾಕಿದರು. ರದ್ದಿಯವರು ತೆಗೆದು ನೋಡಿ, ಉಗುರಿನಿಂದ ಕೆರೆದು, ವಾಪಸ್ ಚಾಚಿದರು. "ಯೇ ಪೇಪರ್ ನಹೀ ಸಾಬ್, ಪ್ಲಾಸ್ಟಿಕ್ಕು. ನೀವೇ ಇಟ್ಕೊಳ್ಳಿ."

ಅಪ್ಪ ನಕ್ಕರು. ಅಷ್ಟು ದಿನಗಳಲ್ಲಿ ಅವರು ಹಾಗೆ ನಕ್ಕಿದ್ದು ನೋಡಿರಲಿಲ್ಲ. ಆ ನಗುವನ್ನೇ ನೆಪ ಮಾಡಿಕೊಂಡು ಹೊಸ ಮನೆಯ ಮೇಜಿನ ಮೇಲೆ ಹಾಳೆಗಳನ್ನು ಹಾಸಿದೆ. ಮೂಲೆಗಳಿಗೆ ಸ್ಟೀಲ್ ಲೋಟ ಇಟ್ಟೆ. ಅಪ್ಪ ಕೆಲವು ದಿನ ಅತ್ತ ಸುಳಿಯಲಿಲ್ಲ. ಊಟವನ್ನೂ ಸೋಫಾದಲ್ಲೇ ಮಾಡಿದರು. ನಂತರ ಒಂದು ಬೆಳಿಗ್ಗೆ ಎದ್ದುಬಂದರೆ ಪೆನ್ನು ತೊಳೆಯುತ್ತಿದ್ದರು. ಮಾತು ಕಡಿಮೆಯಿತ್ತು, ಆದರೆ ಕೆಲಸ ಸಾಗಿತು. ನಾನು ಓದಿ ಹೇಳುವಾಗ 'ಸಾವು' ಎಂಬ ಪದ ಬಂದಲ್ಲೆಲ್ಲ ಬೇರೆ ಪದ ಹುಡುಕುತ್ತಿದ್ದೆ. ಹುಡುಕುತ್ತಿರುವುದು ಅವರಿಗೆ ಗೊತ್ತಾಗುತ್ತಿದೆ ಎಂಬುದೂ ನನಗೆ ಗೊತ್ತಿತ್ತು.

ಹೋದ ಭಾನುವಾರ ಮೊದಲ ಹಾಳೆಯ ಸರದಿ. ಮಸಿ ಮಾಸಿದ ಗೆರೆಗಳನ್ನು ಮತ್ತೆ ಎಳೆಯಬೇಕಿತ್ತು. ನಾನು ಕಾಫಿ ತರಲು ಒಳಗೆ ಹೋದೆ. ಬಂದಾಗ ಅಪ್ಪ ಬ್ಲೇಡ್ ಹಿಡಿದು ಕೋಷ್ಟಕವನ್ನು ಕೆರೆಯುತ್ತಿದ್ದರು. 'ಬಂದರಿನ ಅಧಿಕಾರಿ' ಎಂಬುದರಲ್ಲಿ 'ಬಂದರಿನ' ಹೋಗಿತ್ತು. ನಾನು ಲೋಟ ಹಿಡಿದು ನಿಂತೇ ಇದ್ದೆ. ಮಿಕ್ಕಿದ್ದೂ ಹೋಯಿತು. ಕೆರೆದ ಜಾಗದಲ್ಲಿ ಅಪ್ಪ 'ಬಿರುಗಾಳಿ' ಎಂದು ಬರೆದರು. ಮಸಿ ಸ್ವಲ್ಪ ಹರಡಿತು.

"ಅಪ್ಪ, ಕೆಳಗೆ ಹೊಸ ಸಾಲು ಬರೀಬೇಕಲ್ವಾ? ನೀವೇ ಹೇಳ್ತಿದ್ರಿ."

"ಇರ್ಲಿ ಬಿಡು."

"ಆಫೀಸರ್ ಬೇಡ್ವಾ?"

"ಅವನಿಗೇನು ಗೊತ್ತಿರತ್ತೆ ಪಾಪ." ಅಪ್ಪ ಪೆನ್ನಿನ ತುದಿ ಒರೆಸಿದರು. "ನೋಡಕ್ಕೆ ಎಲ್ಲ ಚೆನ್ನಾಗೇ ಇರ್ತಾರೆ. ಯಾರ ಮೈಯಲ್ಲಿ ಏನಿದೆ ಅಂತ ಹೆಂಗೆ ಹೇಳೋದು? ಮನುಷ್ಯನ ಕೈಲಿ ಆಗಲ್ಲಮ್ಮ ಅದು. ಗಾಳಿನೇ ಸರಿ, ನೀನು ಹೇಳಿದ್ದೇ ಸರಿ."

ಆಗ ಸುಮ್ಮನಿರಬೇಕಿತ್ತೇನೋ, ನಾನು ಒಂದು ಪ್ರಶ್ನೆ ಕೇಳಿಬಿಟ್ಟೆ. ಅಪ್ಪ ಬ್ಲೇಡನ್ನು ಅದರ ಕಾಗದದಲ್ಲಿ ಸುತ್ತಿದರು, ಡಬ್ಬಿಗೆ ಹಾಕಿದರು, ಬಾಲ್ಕನಿಗೆ ಹೋದರು. ನೀರು ಬೀಳುವ ಸದ್ದು ಕೇಳಿತು. ಆ ಬೆಳಿಗ್ಗೆ ಗಿಡಗಳಿಗೆ ನಾನೇ ನೀರು ಹಾಕಿದ್ದೆ.

ಆಮೇಲೂ ನಾವು ಮೇಜಿಗೆ ಕೂರುತ್ತಿದ್ದೇವೆ. ಮುಂದಿನ ಹಾಳೆಗಳು ಸಾಗುತ್ತಿವೆ. ಮೊದಲನೆಯದು ಎಲ್ಲದರ ಕೆಳಗಿದೆ. ಆ ಭಾನುವಾರ ಕೇಳಿದ ಪ್ರಶ್ನೆಯಲ್ಲಿ ನಾನು ಬಳಸಿದ ಪದಗಳು ಇವೇ ಎಂದು ಈ ಸಲ ಖಂಡಿತವಾಗಿ ಹೇಳಬಲ್ಲೆ, ಅವತ್ತೇ ಬರೆದಿಟ್ಟಿದ್ದೇನೆ:

"ಅಪ್ಪ, ನೀವು ಶಿವಾಜಿನಗರಕ್ಕೆ ಹೋಗಿ ಬಂದಿದ್ದಕ್ಕೇ ಅಮ್ಮ ಹೋದ್ಳು ಅಂತ ಇಷ್ಟು ದಿನ ಅಂದ್ಕೊಂಡಿದ್ದೀರಾ?"